ಜಾಕಿನ ಕೆಳಗಿನ ಬೀಸುಕಲ್ಲು

ಮಾನಪತ್ರ ಬರೆಯುವುದು ನನ್ನ ಉಪಕಸುಬು. ನನ್ನ ಊರು ಅಸೂಟಿ. ಎಂಟು ಎಕರೆ ಎರೆ ಹೊಲ, ಒಂದು ಟ್ರ್ಯಾಕ್ಟರು ಮತ್ತು ಮೂವತ್ತು ವರ್ಷದ ಹಿಂದೆ ಪಾಸಾದ ಒಂದು ಬಿ.ಎ. ಈ ಮೂರನೆಯದರ ದೆಸೆಯಿಂದ ಸುತ್ತಲಿನ ಯಾವ ಮಾಸ್ತರು ನಿವೃತ್ತರಾದರೂ, ಯಾವ ಸೊಸೈಟಿಯ ಚೇರ್ಮನ್ನರಿಗೆ ಅರವತ್ತು ತುಂಬಿದರೂ ಜನ ನನ್ನ ಮನೆಗೆ ಬರುತ್ತಾರೆ. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ನಾನು ಇದುವರೆಗೆ ಹದಿನೇಳು ಜನರನ್ನು ಕರೆದಿದ್ದೇನೆ. ಅವರಲ್ಲಿ ಇಬ್ಬರು ಖರೇನೇ ಸಜ್ಜನರಿದ್ದರು.

ಈ ಸಲ ಬಂದವರು ಟ್ರ್ಯಾಕ್ಟರ್ ಮಾಲಕರ ಸಂಘದವರು. ರೋಣದಲ್ಲಿ ಗಜೇಂದ್ರಗಡದ ರಸ್ತೆಗೆ ಕಮಾನು ಪಟ್ಟಿಯ ಅಂಗಡಿ ಇಟ್ಟಿರುವ ಮೆಹಬೂಬಸುಭಾನಿ ಉಸ್ತಾದರಿಗೆ ಆ ಕೆಲಸದಲ್ಲಿ ನಲವತ್ತು ವರ್ಷ ತುಂಬಿತು. ಶಾಲು, ಹಣ್ಣಿನ ಬುಟ್ಟಿ, ಗಾಜು ಹಾಕಿಸಿದ ಮಾನಪತ್ರ ಕೊಡಬೇಕೆಂದು ಸಂಘ ಠರಾವು ಮಾಡಿತು. ಬರೆಯುವ ಮೊದಲು ಅವರನ್ನೂ ಒಂದು ಮಾತು ಕೇಳೋಣವೆಂದು ಅಂಗಡಿಗೆ ಹೋದೆ. ಉಸ್ತಾದರು ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದರು: “ಬರದ್ರ ಮುದುಕವ್ವನ ಕಲ್ಲಿಂದೂ ಬರಿ, ತೋಟಪ್ಪ. ಅದನ್ನ ಬಿಟ್ಟ ಬರಿಯೂದಿದ್ರ ನನ್ನ ಹೆಸರೂ ಬರೀಬ್ಯಾಡ.”

ಅದು ಮಾನಪತ್ರದ ಚೌಕಟ್ಟಿನಲ್ಲಿ ಹಿಡಿಸುವ ಮಾತಲ್ಲ. ಅದಕ್ಕೇ ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಉಸ್ತಾದರ ತಪ್ಪು ಎಷ್ಟಿದೆಯೋ ನನ್ನದೂ ಅಷ್ಟೇ ಇದೆ, ತೂಗಿದರೆ ನನ್ನದೇ ಕೆಳಗೆ ಬೀಳಬಹುದು.

ಕಮಾನು ಪಟ್ಟಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಟ್ರೇಲರಿನ ಗಾಲಿಗೂ ಮೇಲಿನ ಡಬ್ಬಿಗೂ ನಡುವೆ, ಎರಡೂ ಬದಿಗೆ, ಬಿಲ್ಲಿನ ಹಾಗೆ ಬಾಗಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಉದ್ದದ ಪಟ್ಟಿಯ ಕೆಳಗೆ ಗಿಡ್ಡದ್ದು, ಅದರ ಕೆಳಗೆ ಇನ್ನೂ ಗಿಡ್ಡದ್ದು. ನಮ್ಮ ರಸ್ತೆಗಳ ತಗ್ಗು ದಿನ್ನೆಯನ್ನೆಲ್ಲ ನುಂಗಿಕೊಳ್ಳುವುದು ಅದೇ. ಆ ಕಟ್ಟು ಸೋತರೆ ಟ್ರೇಲರ್ ಒಂದು ಮಗ್ಗುಲಿಗೆ ವಾಲುತ್ತದೆ, ಟ್ರ್ಯಾಕ್ಟರಿನ ಹಿಂದೆ ನೆಟ್ಟಗೆ ಬರದೆ ಅಡ್ಡಡ್ಡ ಬರುತ್ತದೆ, ಟೈರು ತಿನ್ನುತ್ತದೆ. ಸೋತದ್ದು ಯಾವುದು ಎಂದು ಹಿಡಿಯುವುದು ಸುಲಭವಲ್ಲ.

ಉಸ್ತಾದರು ಹಿಡಿಯುವ ರೀತಿಯೇ ಬೇರೆ. ಟ್ರೇಲರನ್ನು ಖಾಲಿ ಮಾಡಿಸಿ ಅಂಗಡಿಯ ಮುಂದೆ ಮೂರು ಸಲ ಓಡಿಸಲು ಹೇಳುತ್ತಾರೆ. ತಾವು ಬೆನ್ನು ತಿರುಗಿಸಿ ನಿಂತು ಸಪ್ಪಳ ಕೇಳುತ್ತಾರೆ. ಆಮೇಲೆ ಅಂಗೈಯಿಂದ ಟೈರು ಸವರಿ ಯಾವ ಅಂಚು ಸವೆದಿದೆ ನೋಡುತ್ತಾರೆ. ಆಮೇಲೆ ಮುಂದಿನ ಹುಕ್ಕಿಗೆ ದಾರ ಕಟ್ಟಿ ಎರಡೂ ಗಾಲಿಯ ನಡುವಿನ ತನಕ ಎಳೆದು ಅಳೆಯುತ್ತಾರೆ. ಅದಾದ ಮೇಲೆ ಅಡಿಗೆ ಹೋಗಿ ಮಲಗುತ್ತಾರೆ. ಇಷ್ಟಾಗುವ ತನಕ ಮಾಲಕ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. “ಮದಲ ಗಾಲಿ ಕೇಳು, ಆಮ್ಯಾಲ ಪಟ್ಟಿ ಕೇಳು, ಕಡೀಕ ಮಾಲಕನ್ನ ಕೇಳು” ಎನ್ನುವುದು ಅವರ ಸೂತ್ರ. ಹೆಚ್ಚು ಹೇರಿ ಕೆಡಿಸಿದ ಮಾಲಕ ಹೆಚ್ಚು ಹೇರಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾನೆ.

ನರಗುಂದದ ಒಬ್ಬ ಕಾಳಿನ ವ್ಯಾಪಾರಿಯ ಟ್ರೇಲರ್ ವರ್ಷಕ್ಕೆ ಎರಡು ಜೊತೆ ಟೈರು ತಿನ್ನುತ್ತಿತ್ತು. ಮೂರು ಕಡೆ ತೋರಿಸಿದ್ದನಂತೆ. ಒಬ್ಬ ಎಕ್ಸಲ್ ಬದಲಿಸು ಎಂದ, ಇನ್ನೊಬ್ಬ ಡ್ರೈವರನನ್ನು ಬದಲಿಸು ಎಂದ, ಮೂರನೆಯವ ಗೋದಾಮಿನ ಬಾಗಿಲು ದಕ್ಷಿಣಕ್ಕಿದೆ ಎಂದ. ಉಸ್ತಾದರು ದಾರ ಎಳೆದರು. ಒಂದು ಗಾಲಿ ಇನ್ನೊಂದಕ್ಕಿಂತ ಎರಡು ಬೆರಳು ಹಿಂದಿತ್ತು. ಕಟ್ಟು ಬಿಚ್ಚಿದರೆ ಪಟ್ಟಿಗಳನ್ನು ಪೋಣಿಸಿ ಹಿಡಿಯುವ ನಡುವಿನ ಬೋಲ್ಟು ಒಳಗೊಳಗೇ ತುಂಡಾಗಿತ್ತು. ಹೊರಗೆ ಅದರ ತಲೆ ಮಾತ್ರ ಗಟ್ಟಿಮುಟ್ಟಾಗಿ ಕೂತಿತ್ತು. ಆ ವ್ಯಾಪಾರಿ ಇಂದಿಗೂ ಉಸ್ತಾದರನ್ನು ಕಂಡರೆ ಗಾದಿ ಬಿಟ್ಟು ಏಳುತ್ತಾನೆ.

ಇಂಥ ಹೆಸರು ಬಂದ ಮೇಲೆ ಮನುಷ್ಯನಿಗೆ ಅದನ್ನು ಕಾಯುವುದೇ ಒಂದು ಕೆಲಸವಾಗುತ್ತದೆ. ಉಸ್ತಾದರಿಗೂ ಆಯಿತು.

ಮುದುಕವ್ವ ಹೊಳೆಮಣ್ಣೂರಿನವಳು. ಐವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹೊಳೆಯ ದಂಡೆಗೆ ಅರ್ಧ ಎಕರೆ, ಅದರಲ್ಲಿ ಬದನೆ, ಉಳ್ಳಾಗಡ್ಡಿ. ಅದಕ್ಕಿಂತ ದೊಡ್ಡ ಆಸ್ತಿ ತಾಯಿಯಿಂದ ಬಂದ ಬೀಸುವ ಕಲ್ಲು. ಅದರಲ್ಲಿ ತೊಗರಿ, ಕಡಲೆ ಒಡೆದು ಬೇಳೆ ಮಾಡಿ ನರಗುಂದದ ಮನೆಗಳಿಗೆ ಕೊಟ್ಟುಬರುತ್ತಿದ್ದಳು. ಗಿರಣಿಯ ಬೇಳೆಗಿಂತ ಅವಳ ಬೇಳೆ ಲಗೂ ಕುದಿಯುತ್ತದೆಂದು ಅಲ್ಲಿಯ ಹೆಂಗಸರು ಅವಳ ದಾರಿ ಕಾಯುತ್ತಿದ್ದರು. ಅವಳ ಹೊಟ್ಟೆ ಬಟ್ಟೆ ನಡೆದದ್ದು ಆ ಕಲ್ಲಿನ ಮೇಲೆ.

ಮಲಪ್ರಭೆ ಅವಳ ಮನೆಗೆ ಮೂರು ಸಲ ನುಗ್ಗಿತ್ತು. ಮೂರನೆಯ ಸಲ ಗೋಡೆಗಳೂ ಹೋದವು. ಹೊಳೆ ಬಂದಾಗ ತಾನೊಬ್ಬಳೇ ಯಾಕೆ ಓಡಬೇಕು, ಮನೆಯೂ ಓಡಲಿ ಎಂದು ಅವಳು ನರಗುಂದದಲ್ಲಿ ಎರಡು ಗಾಲಿಯ ಹಳೆಯ ಟ್ರೇಲರ್ ಒಂದನ್ನು ಕೊಂಡು, ಅದರ ಮೇಲೆ ಕಬ್ಬಿಣದ ಚೌಕಟ್ಟು ಬೆಸೆಸಿ, ತಗಡಿನ ಗೋಡೆ, ತಗಡಿನ ಮಾಡು ಹಾಕಿಸಿದಳು. ಬಲಗಡೆಗೆ ಬಾಗಿಲು. ಒಳಗೆ ಒಲೆ, ಎರಡು ಟ್ರಂಕು, ಜೋಳದ ಡ್ರಮ್ಮು, ಕಲ್ಲು. ಊರವರು ಅದಕ್ಕೆ ಗಾಲಿಮನೆ ಎಂದು ಹೆಸರಿಟ್ಟು ನಕ್ಕರು. ಮುಂದಿನ ಮಳೆಗಾಲದಲ್ಲಿ ಉಳಿದವರು ತಲೆಯ ಮೇಲೆ ಗಂಟು ಹೊತ್ತು ಓಡುವಾಗ ಅವಳು ಮನೆಯ ಬಾಗಿಲು ಹಾಕಿಕೊಂಡು ನನ್ನ ಟ್ರ್ಯಾಕ್ಟರಿನ ಹಿಂದೆ ದಿನ್ನೆಗೆ ಬಂದಳು. ಆಗ ನಗುವುದು ನಿಂತಿತು.

ಹಳೆಯ ಟ್ರೇಲರಿನ ಕಮಾನು ಆ ಒಂದು ಸಲಕ್ಕೇ ಜೋತುಬಿತ್ತು. ಉಸ್ತಾದರ ಅಂಗಡಿಗೆ ಒಯ್ದೆವು. ಇದು ಮಾಲು ಹೊರುವ ಗಾಡಿಯಲ್ಲ, ಮನೆ, ಎಂದು ಉಸ್ತಾದರು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಪಟ್ಟಿಗಳನ್ನು ಕುಲುಮೆಯಲ್ಲಿ ಕಾಸಿ ಹೊಸದಾಗಿ ಬಾಗು ಕೊಟ್ಟು ಕಟ್ಟು ಕಟ್ಟಿದರು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಮ್ಮ ರಸ್ತೆಗಳು ಕಿರಿದು. ಎದುರಿಗೆ ಬಸ್ಸು ಬಂತೆಂದರೆ ಹೇರಿದ ಟ್ರೇಲರಿನ ಎಡಗಾಲಿಯನ್ನು ಎರೆಮಣ್ಣಿನ ಅಂಚಿಗೆ ಇಳಿಸಲೇಬೇಕು. ದಿನಕ್ಕೆ ಹತ್ತು ಸಲ ಇಳಿದು ಹತ್ತಿ ಎಡಗಡೆಯ ಕಟ್ಟು ಬೇಗ ಸೋಲುತ್ತದೆ. ಅದಕ್ಕೇ ಉಸ್ತಾದರು ಎಡಕ್ಕೆ ಒಂದು ಪಟ್ಟಿ ಹೆಚ್ಚು ಹಾಕುತ್ತಾರೆ. ಬಲಕ್ಕೆ ಆರಿದ್ದರೆ ಎಡಕ್ಕೆ ಏಳು. ಅವರ ಕೈಯಲ್ಲಿ ಕಲಿತು ನರಗುಂದ, ಗಜೇಂದ್ರಗಡದಲ್ಲಿ ಅಂಗಡಿ ಇಟ್ಟವರೂ ಹಾಗೇ ಹಾಕುತ್ತಾರೆ. ಮಾಲಕ ಕೇಳುವುದೂ ಇಲ್ಲ, ಅವರು ಹೇಳುವುದೂ ಇಲ್ಲ, ಕೈ ತಾನೇ ಹಾಕುತ್ತದೆ. ಮುದುಕವ್ವನ ಗಾಲಿಮನೆಗೂ ಉಸ್ತಾದರ ಕೈ ಏಳು ಹಾಕಿತು. ವರ್ಷಕ್ಕೆ ಎರಡು ಸಲ ನಡೆದು ಉಳಿದ ದಿನವೆಲ್ಲ ನಿಂತಲ್ಲೇ ನಿಲ್ಲುವ ಮನೆಗೆ ಅದು ಬೇಡವಾಗಿತ್ತು. ಎಡಗಡೆ ಬಿಗಿಯಾಗಿ ಎತ್ತಿ ಹಿಡಿಯಿತು, ಬಲಗಡೆ ಕುಗ್ಗತೊಡಗಿತು. ಇದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಓದುವವರಿಗೆ ಮೊದಲೇ ಗೊತ್ತಿರಲಿ, ನಾವು ಎಂಥ ಜಾಣರಿದ್ದೆವು ಎಂದು ನೋಡುತ್ತ ಹೋಗಲು ಅನುಕೂಲ.

ಹೋದ ಆಗಸ್ಟಿನಲ್ಲಿ ಒಂದು ಮುಂಜಾನೆ ಹೊಳೆಗೆ ನೀರು ಬಿಟ್ಟಾರಂತೆ ಎಂದು ಫೋನು ಬಂತು. ನಾನೂ ನನ್ನ ಹೊಲದಲ್ಲಿ ದುಡಿಯುವ ಬಸ್ಯಾನೂ ಟ್ರ್ಯಾಕ್ಟರ್ ತೆಗೆದುಕೊಂಡು ಹೊಳೆಮಣ್ಣೂರಿಗೆ ಹೋದೆವು. ಮುದುಕವ್ವ ಎಲ್ಲ ಕಟ್ಟಿಕೊಂಡು ತಯಾರಾಗಿ ಕೂತಿದ್ದಳು. ಹುಕ್ಕಿಗೆ ಕಟ್ಟಿ ಎಳೆದರೆ ಮನೆ ಬರಲಿಲ್ಲ. ಎಡಗಾಲಿ ಕೆಸರಿನಲ್ಲಿ ಹೂತಿತ್ತು. ನಾನು ಒಳಗೆ ಹೋಗಿ ನೋಡಿದೆ. ಬೀಸುಕಲ್ಲು, ಜೋಳದ ಡ್ರಮ್ಮು, ಎರಡೂ ಎಡಗೋಡೆಗೆ ಇದ್ದವು. ಎಡಕ್ಕೆ ಇಷ್ಟು ಭಾರವಿದ್ದರೆ ಗಾಲಿ ಹೇಗೆ ಏಳುತ್ತದೆ ಎಂದು ನಾನೂ ಬಸ್ಯಾನೂ ಸೇರಿ ಎರಡನ್ನೂ ಬಲಕ್ಕೆ, ಬಾಗಿಲ ಬಳಿಗೆ ಜಗ್ಗಿದೆವು. ಮುದುಕವ್ವ ಬೇಡ ಎಂದಳು. ಯಾಕೆ ಬೇಡ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ. ನೀರು ಬರುತ್ತಿದೆ, ಸುಮ್ಮನೆ ಕೂಡು ಎಂದು ಗದರಿದೆ. ಗಾಲಿ ಎದ್ದಿತು, ಮನೆ ಹೊರಬಂತು. ಕಲ್ಲು ಬಲಕ್ಕೇ ಉಳಿಯಿತು.

ಅಸೂಟಿ ಕ್ರಾಸಿಗೆ ಬರುವಷ್ಟರಲ್ಲಿ ಹಿಂದೆ ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಮನೆ ಬಲಕ್ಕೆ ಎಷ್ಟು ವಾಲಿತ್ತೆಂದರೆ ಗೋಡೆಯ ತಗಡು ಟೈರಿಗೆ ಉಜ್ಜಿ ಹೊಗೆ ಬರುತ್ತಿತ್ತು. ಕ್ರಾಸಿನ ಚಹಾದಂಗಡಿಯಲ್ಲಿ ಹೊಳೆ ನೋಡಲು ಬಂದವರ ಸಂತೆ. ಹನ್ನೆರಡು ಹದಿಮೂರು ಜನ ಬಂದು ಸುತ್ತ ನಿಂತರು. ಉಸ್ತಾದರಿಗೆ ಫೋನು ಮಾಡಿದೆ. ಅರ್ಧ ತಾಸಿನಲ್ಲಿ ಹಳೆಯ ಸ್ಕೂಟರಿನ ಮೇಲೆ ಜಾಕು ಕಟ್ಟಿಕೊಂಡು ಬಂದರು.

ಅವರು ಸ್ಕೂಟರಿಗೆ ಸ್ಟ್ಯಾಂಡು ಹಾಕುವಾಗಲೇ ಗುಂಪಿನಲ್ಲಿ ಒಬ್ಬ, ಉಸ್ತಾದರೇ ಇದು ನಿಮ್ಮ ಕೈಯ ಕೆಲಸವಲ್ಲವೇ, ಎಂದು ಚುಚ್ಚಿದ. ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಂದು ಉಸ್ತಾದರು ಮನೆಯನ್ನು ಖಾಲಿ ಮಾಡಿಸಲಿಲ್ಲ. ಬೆನ್ನು ತಿರುಗಿಸಿ ಸಪ್ಪಳ ಕೇಳಲಿಲ್ಲ. ದಾರ ತೆಗೆಯಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಅಡಿಗೆ ನೋಡುವ ಬದಲು ಬಾಗಿಲು ತೆಗೆದು ಒಳಗೆ ನೋಡಿದರು. ಬಾಗಿಲಲ್ಲೇ ಕಲ್ಲು, ಅದರ ಪಕ್ಕಕ್ಕೆ ಡ್ರಮ್ಮು.

“ಪಟ್ಟಿ ಪಾಪ ಏನ ಮಾಡ್ಯಾವು? ಹೇರೂದು ತಿಳೀಲಾರದಾಕಿ ಕೈಯಾಗ ಮನಿ ಕೊಟ್ಟ್ರ ಗಾಲಿ ಅಳತಾವು” ಎಂದರು. ಎಲ್ಲರಿಗೂ ಕೇಳುವ ಹಾಗೆ ಎಂದರು.

ಮೂವತ್ತು ಕ್ವಿಂಟಲ್ ಹೊರುವ ಟ್ರೇಲರ್ ಒಂದು ಕಲ್ಲಿಗೆ, ಒಂದು ಡ್ರಮ್ಮಿಗೆ ಇಷ್ಟು ವಾಲುತ್ತದೆಯೇ ಎಂದು ಅಲ್ಲಿದ್ದ ರೈತರಲ್ಲಿ ಒಬ್ಬನೂ ಕೇಳಲಿಲ್ಲ. ಉಸ್ತಾದ ಹೇಳಿದ ಮೇಲೆ ಮುಗಿಯಿತು. ಮುದುಕವ್ವ ಮಾತ್ರ, ತಾನು ಕಲ್ಲನ್ನು ಎಡಕ್ಕೆ ಇಟ್ಟಿದ್ದೆ ಎಂದು ಒಂದೇ ಸಲ ಹೇಳಿದಳು. ಹೇಳಿ ನನ್ನ ಕಡೆ ನೋಡಿದಳು. ನಾನು ಬಗ್ಗಿ ನನ್ನ ಟ್ರ್ಯಾಕ್ಟರಿನ ಟೈರಿಗೆ ಹತ್ತಿದ ಕೆಸರನ್ನು ನೋಡತೊಡಗಿದೆ. ನಾನೇ ಸರಿಸಿದ್ದು ಎನ್ನಲು ಎರಡು ಶಬ್ದ ಸಾಕಾಗಿದ್ದವು. ಹಾಗೆಂದರೆ ಹದಿಮೂರು ಜನ ನನ್ನ ಕಡೆ ತಿರುಗುತ್ತಿದ್ದರು. ಬೈಗುಳ ಒಬ್ಬರ ಮೇಲೆ ಬಿದ್ದಾಗಿದೆ, ಅದನ್ನು ಎಳೆದು ನನ್ನ ಮೈಮೇಲೆ ಯಾಕೆ ಹಾಕಿಕೊಳ್ಳಲಿ ಎನ್ನಿಸಿತು. ಬಿ.ಎ. ಪಾಸಾದವನ ಬುದ್ಧಿ ಅಷ್ಟು ಬೇಗ ಓಡುತ್ತದೆ.

ಟೈರಿಗೆ ತಾಗುವ ತಗಡನ್ನು ಮಡಚಲು ಬಲಬದಿಯನ್ನು ಎತ್ತಬೇಕಿತ್ತು. ಮಳೆಗೆ ನೆನೆದ ಎರೆಮಣ್ಣಿನಲ್ಲಿ ಜಾಕು ಇಟ್ಟಲ್ಲೇ ಇಳಿಯಿತು. ಕೆಳಗೆ ಗಟ್ಟಿಯಾದದ್ದು ಏನಾದರೂ ಬೇಕು ಎಂದು ಉಸ್ತಾದರು ಸುತ್ತ ನೋಡಿ, ಬಾಗಿಲಲ್ಲಿದ್ದ ಬೀಸುಕಲ್ಲಿನ ಜೋಡಿಯಲ್ಲಿ ಕೆಳಗಿನ ಕಲ್ಲನ್ನು ಇಳಿಸಲು ಬಸ್ಯಾನಿಗೆ ಹೇಳಿದರು. ಮುದುಕವ್ವ ಕೈ ಅಡ್ಡ ತಂದಳು. ಹೇಗೂ ಇದನ್ನು ಇನ್ನು ಮನೆಯಲ್ಲಿ ಇಡುವ ಹಾಗಿಲ್ಲ ಎಂದು ಉಸ್ತಾದರು ಅಂದರು. ಕಲ್ಲಿನ ಮೇಲೆ ಜಾಕು ಕೂತಿತು. ನಾಲ್ಕು ಸುತ್ತು ತಿರುವಿದರು, ಮನೆ ಮೇಲೆದ್ದಿತು, ತಗಡು ಮಡಚಿದರು. ಇಳಿಸುವಾಗ ಜಾಕು ತುಸು ಓರೆಯಾಯಿತು. ನಡುವಿನ ಗೂಟದ ತೂತಿನಿಂದ ಕಲ್ಲು ಎರಡಾಗಿ ಸೀಳಿತು.

ಉಸ್ತಾದರಿಗೂ ಗಾಬರಿಯಾಗಿತ್ತು, ಅದನ್ನು ಮುಚ್ಚಲು, ಹೋಗಲಿ, ಮನೆಯ ಭಾರ ಇಳಿಯಿತು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುದುಕವ್ವ ಕೂತು ಎರಡು ಹೋಳನ್ನು ಜೋಡಿಸಿ ನೋಡಿದಳು. ಅವು ಸರಿಯಾಗಿ ಕೂಡುತ್ತಿದ್ದವು, ಕೈ ಬಿಟ್ಟರೆ ಬೇರೆಯಾಗುತ್ತಿದ್ದವು. ಅವಳು ಅಳಲಿಲ್ಲ. ಅತ್ತಿದ್ದರೆ ನಾವು ಸಮಾಧಾನ ಮಾಡಿ ದೊಡ್ಡವರಾಗುತ್ತಿದ್ದೆವು.

ಹೊಳೆ ಇಳಿದ ಮೇಲೆ ಮನೆಯನ್ನು ಮರಳಿ ಎಳೆದುಕೊಂಡು ಹೋದವನು ನಾನೇ. ಕಲ್ಲಿರಲಿಲ್ಲ. ಡ್ರಮ್ಮನ್ನು ಅವಳು ಎಡಕ್ಕೆ ಇಟ್ಟಿದ್ದಳು. ಆದರೂ ಮನೆ ಬಲಕ್ಕೇ ವಾಲುತ್ತಿತ್ತು. ಅಂದೇ ನನಗೆ ಗೊತ್ತಾಯಿತು ಇದು ಹೇರಿದ್ದರ ದೋಷವಲ್ಲ ಎಂದು. ಉಸ್ತಾದರಿಗೆ ಹೇಳಬಹುದಿತ್ತು. ಇಂದು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ದಿನ ಕಳೆದೆ. ಅಷ್ಟರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಹೊಸದೊಂದು ಮಾತು ಹುಟ್ಟಿತು. ಯಾರಾದರೂ ಮೇವು ಓರೆಯಾಗಿ ಹೇರಿದರೆ, ಕಡಲೆಯ ಚೀಲ ಒಂದು ಕಡೆಗೆ ಒಟ್ಟಿದರೆ, 'ಇದೇನೋ ಮುದುಕವ್ವನ ಹೇರು' ಎನ್ನುವುದು. ಒಂದು ಸಲ ನನ್ನ ಹೊಲದಲ್ಲೇ, ನನ್ನ ಟ್ರೇಲರಿಗೇ, ಒಬ್ಬ ಆಳು ಹಾಗೆಂದ. ನಾನು ಸುಮ್ಮನಿದ್ದೆ. ಮುದುಕವ್ವ ಬೇಳೆ ಬಿಟ್ಟು ಕಂಡವರ ಹೊಲಕ್ಕೆ ಮೆಣಸಿನಕಾಯಿ ಹರಿಯಲು ಹೋಗತೊಡಗಿದ್ದಳು. ಅಲ್ಲಿಯೂ ಬುಟ್ಟಿ ಹೇರುವಾಗ ಆ ಮಾತು ಅವಳ ಕಿವಿಗೆ ಬೀಳುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಹೊಳೆಮಣ್ಣೂರಿನಲ್ಲಿ ಇನ್ನೊಬ್ಬರ ಟ್ರೇಲರ್ ನೋಡಲು ಉಸ್ತಾದರನ್ನು ನನ್ನ ಬೈಕಿನ ಮೇಲೆ ಕರೆದುಕೊಂಡು ಹೋಗಿದ್ದೆ. ಕೆಲಸ ಮುಗಿಸಿ ಹೊರಟಾಗ ಮುದುಕವ್ವ ಎದುರಿಗೆ ಬಂದು ಚಹಾಕ್ಕೆ ಕರೆದಳು. ಅಷ್ಟೆಲ್ಲ ಆದ ಮೇಲೂ ಕರೆದಳು. ಬೇಡ ಎನ್ನಲು ನನ್ನ ನಾಲಿಗೆ ತಯಾರಾಗಿತ್ತು, ಉಸ್ತಾದರು ಆಗಲೇ ಮೆಟ್ಟಿಲು ಹತ್ತಿದ್ದರು. ಅವಳು ಕಪ್ಪಿಗೆ ಚಹಾ ಹಾಕಿ ಬಸಿಯ ಮೇಲಿಟ್ಟು ಕೊಟ್ಟಳು. ಉಸ್ತಾದರು ಬಸಿಗೆ ಸುರಿದು ಆರಲೆಂದು ನೆಲದ ಮೇಲೆ ಇಟ್ಟರು. ಚಹಾ ಬಸಿಯ ನಡುವೆ ನಿಲ್ಲಲಿಲ್ಲ. ಬಲಗಡೆಯ ಅಂಚಿಗೆ ಹೋಗಿ ತುಳುಕಿತು.

ಉಸ್ತಾದರು ಬಸಿಯನ್ನು ತಿರುಗಿಸಿ ಇಟ್ಟರು. ಮತ್ತೆ ಬಲಕ್ಕೆ. ಅವರು ಸುತ್ತ ನೋಡಿದರು. ಬಲಗೋಡೆಗೆ ಒಂದು ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಚಹಾ ಅಲ್ಲೇ ಬಿಟ್ಟು ಕೆಳಗಿಳಿದು ಮನೆಯ ಅಡಿಗೆ ಹೋಗಿ ಮಲಗಿದರು. ಬೆರಳಿನಿಂದ ಮುಟ್ಟಿ ಮುಟ್ಟಿ ಪಟ್ಟಿ ಎಣಿಸುವುದು ನನಗೆ ಕಾಣುತ್ತಿತ್ತು. ಬಲಕ್ಕೆ ಆರು. ಎಡಕ್ಕೆ ಏಳು. ಇನ್ನೊಂದು ಸಲ ಎಣಿಸಿದರು. ಆಮೇಲೆ ಎಣಿಸುವುದನ್ನು ಬಿಟ್ಟು ಹಾಗೇ ಮಲಗಿದ್ದರು. ಅವರ ಎರಡು ಪಾದ ಮಾತ್ರ ಹೊರಗಿದ್ದವು, ಅವು ಬಹಳ ಹೊತ್ತು ಅಲುಗಲಿಲ್ಲ.

ಹೊರಬಂದು ಅವರು ಮಣ್ಣು ಝಾಡಿಸಿಕೊಳ್ಳಲಿಲ್ಲ. ಮೆಟ್ಟಿಲಿನ ಮೇಲೆ ಕೂತು, “ತಂಗೀ, ಆ ಕಲ್ಲ ನೀ ಎಡಕ್ಕ ಯಾಕ ಇಟ್ಟಿದ್ದಿ?” ಎಂದು ಕೇಳಿದರು.

“ಉಳ್ಳಾಗಡ್ಡಿ ಬಲಕ್ಕ ಉರುಳ್ತಿದ್ವುರಿ. ಎಡಕ್ಕ ಭಾರ ಇಟ್ಟ್ರ ನಿಲ್ಲತಿದ್ವು” ಎಂದಳು ಅವಳು. ಅವಳಿಗೆ ಅದು ದೊಡ್ಡ ಮಾತೇನಲ್ಲ. ಮನೆ ಬಂದ ವಾರದಲ್ಲೇ ಅವಳು ಕಂಡುಹಿಡಿದಿದ್ದಳು. ಹೊಸದಾಗಿ ಕೆಲಸ ಮಾಡಿಕೊಟ್ಟವರಿಗೆ ತಪ್ಪು ತೋರಿಸುವುದು ಚಲೋ ಅಲ್ಲ ಎಂದು ತನ್ನಷ್ಟಕ್ಕೆ ತಾನೇ ಕಲ್ಲು, ಡ್ರಮ್ಮು ಇಟ್ಟು ಮನೆಯನ್ನು ಸಮ ಮಾಡಿಕೊಂಡಿದ್ದಳು.

ಬಲಕ್ಕೆ ಅದನ್ನು ಯಾರು ತಂದಿಟ್ಟರು ಎಂದು ಉಸ್ತಾದರು ಕೇಳಿದರು. ಅವಳು ನನ್ನನ್ನು ನೋಡಿದಳು, ಮತ್ತೆ ಒಲೆಯ ಕಡೆ ತಿರುಗಿದಳು. ನೀರಿನ ಗದ್ದಲದಲ್ಲಿ ಯಾರು ಇಟ್ಟರೋ ಎಂದಳು. ನಾನು ಬಾಗಿಲಿಗೆ ಆತು ನಿಂತಿದ್ದೆ.

ಮರಳುವಾಗ ಬೈಕಿನ ಮೇಲೆ ಹೇಳಿದೆ. ಮುಖ ನೋಡುವ ಹಂಗಿಲ್ಲವಲ್ಲ, ನಾನು ಮುಂದೆ, ಅವರು ಹಿಂದೆ. ಗಾಳಿಗೆ ಕೇಳಿಸಲಿಕ್ಕಿಲ್ಲ ಎಂಬ ಆಸೆಯೂ ಇತ್ತು. ಅವರಿಗೆ ಕೇಳಿಸಿತು. “ನಂದ ನಾ ಹೇಳ್ತೀನಿ. ನಿಂದ ನೀ ಹೇಳು” ಎಂದರು. ಅಷ್ಟೇ.

ಅವರ ಹೆಂಡತಿ ಕಾಶೀಂಬಿ ಆಮೇಲೆ ನನಗೆ ಹೇಳಿದ್ದು: ಉಸ್ತಾದರು ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಊಟದ ಮುಂದೆ ಕೂತವರು ತಾಟು ಸರಿಸಿ ಏಳುತ್ತಿದ್ದರು. ಮುದುಕವ್ವನಿಗೆ ಹೊಸ ಕಲ್ಲು ಕೊಡಿಸಿ, ಪಟ್ಟಿ ತೆಗೆದುಕೊಟ್ಟು, ಮಾಫಿ ಕೇಳಿ ಬರುತ್ತೇನೆ ಎಂದರಂತೆ. ಕಾಶೀಂಬಿ ಒಪ್ಪಲಿಲ್ಲ. “ನಾಕ ಮಂದ್ಯಾಗ ಅಂದ ಬಂದೀರಿ. ಮಾಫಿ ಅಕೀ ಮನ್ಯಾಗ ಕೇಳಿದ್ರ ಆ ನಾಕ ಮಂದಿಗೆ ಹ್ಯಾಂಗ ಗೊತ್ತಾಗಬೇಕು?” ಎಂದಳಂತೆ.

ಮರುದಿನ ಉಸ್ತಾದರು ಗಾಲಿಮನೆಯನ್ನು ಅಂಗಡಿಗೆ ತರಿಸಿದರು. ಖಾಲಿ ಮಾಡಿ, ಸಮ ನೆಲದ ಮೇಲೆ ನಿಲ್ಲಿಸಿ, ಎರಡೂ ಬದಿಯ ಎತ್ತರ ಅಳೆದು, ದಾರ ಎಳೆದು, ಎಲ್ಲ ಕ್ರಮದಿಂದ ಮಾಡಿದರು. ಎಡಗಡೆಯ ಏಳನೆಯ ಪಟ್ಟಿ ತೆಗೆದರು. ಕುಗ್ಗಿದ್ದ ಬಲಗಡೆಯ ಪಟ್ಟಿಗಳಿಗೆ ಮತ್ತೆ ಬಾಗು ಕೊಟ್ಟರು. ಕಡೆಗೆ ಒಳಗೆ ಹೋಗಿ ನೆಲದ ಮೇಲೆ ಒಂದು ಉಳ್ಳಾಗಡ್ಡಿ ಇಟ್ಟು ನೋಡಿದರು. ಅದು ನಿಂತಿತು.

ಆಮೇಲೆ ಆ ಏಳನೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಸೂಟಿ ಕ್ರಾಸಿಗೆ ಬಂದರು, ಮುಂಜಾನೆ ಬಸ್ಸಿನ ಹೊತ್ತಿಗೆ, ಚಹಾದಂಗಡಿ ತುಂಬಿರುವಾಗ. ಮುದುಕವ್ವನನ್ನು ಬಾ ಎಂದು ಕರೆದಿದ್ದರಂತೆ, ತನಗೇನು ಕೆಲಸ ಅಲ್ಲಿ ಎಂದು ಅವಳು ಬರಲಿಲ್ಲ. ಉಸ್ತಾದರು ಬೆಂಚಿನ ಮೇಲೆ ಕೂಡಲಿಲ್ಲ. ಅರವತ್ತು ದಾಟಿದ ಮನುಷ್ಯ, ಹೆಸರುವಾಸಿ, ನಿಂತುಕೊಂಡು ಎಲ್ಲವನ್ನೂ ಹೇಳಿದರು. ಪಟ್ಟಿ ಹೆಚ್ಚು ಹಾಕಿದ್ದು, ಅಡಿಗೆ ನೋಡದೆ ಮಾತಾಡಿದ್ದು, ಕಲ್ಲು ಒಡೆದದ್ದು, ಅವಳು ತಮಗಿಂತ ಮೊದಲೇ ದೋಷ ಹಿಡಿದಿದ್ದು. “ಮುದುಕವ್ವನ ಹೇರು ಅಂತ ಇನ್ನ ಯಾರರ ಅಂದ್ರ ಸಮ ಹೇರಿದ್ದಕ್ಕ ಅನ್ರಿ. ಓರೆ ಹೇರಿದ್ದಕ್ಕ ನನ್ನ ಹೆಸರ ಹೇಳ್ರಿ” ಎಂದರು.

ಯಾರೂ ನಗಲಿಲ್ಲ. ಅಂದು ಚುಚ್ಚಿದ್ದವನೇ, ಹಾಗಾದರೆ ಕಲ್ಲನ್ನು ಬಲಕ್ಕೆ ಇಟ್ಟವರು ಯಾರು ಎಂದು ಕೇಳಿದ. ಉಸ್ತಾದರು, ತಮ್ಮದು ತಾವು ಹೇಳಿಯಾಯಿತು, ಅವರದು ಅವರು ಹೇಳುತ್ತಾರೆ ಎಂದರು. ನನ್ನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿದ್ದ ಬಸ್ಯಾ ನೋಡಿದ. ನಾನು ಬಸಿಯಲ್ಲಿದ್ದ ಚಹಾ ಊದುತ್ತ ಕೂತೆ. ಅದು ಯಾವಾಗಲೋ ಆರಿತ್ತು.

ಆ ಪಟ್ಟಿ ಈಗ ಉಸ್ತಾದರ ಅಂಗಡಿಯ ಮುಂದೆ ಸರಪಳಿಗೆ ತೂಗುಬಿದ್ದಿದೆ. ಹೊಸ ಗಿರಾಕಿ ಇದೇನು ಎಂದು ಕೇಳಿದರೆ ಕೆಲಸ ಮುಟ್ಟುವ ಮೊದಲು ಕಥೆ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಹೇಳಿದ ಪ್ರತಿ ಸಲವೂ ಅವರ ಮುಖ ಇಳಿಯುವುದನ್ನು ನೋಡಿದ್ದೇನೆ. ಕೆಲವರು ಕಥೆ ಕೇಳಿ ಬೇರೆ ಅಂಗಡಿಗೆ ಹೋದದ್ದೂ ಉಂಟು. ಎಡಕ್ಕೆ ಹೆಚ್ಚು ಹಾಕುವ ಮೊದಲು ಈಗ ಅವರು ಗಾಡಿ ಎಲ್ಲಿ ನಿಲ್ಲುತ್ತದೆ, ಎಷ್ಟು ನಡೆಯುತ್ತದೆ, ಒಳಗೆ ಏನು ಎಲ್ಲಿ ಇಡುತ್ತೀರಿ ಎಂದು ಕೂಡಿಸಿಕೊಂಡು ಕೇಳುತ್ತಾರೆ. ಮಾಲಕನನ್ನು ಕಡೆಗೆ ಕೇಳುವ ಸೂತ್ರ ಹೋಯಿತು. ಗಾಡಿಯ ಮೇಲೆ ಹೆಣ್ಣುಮಗಳಿದ್ದರೆ ಅವಳನ್ನೇ ಮೊದಲು ಕೇಳುತ್ತಾರೆ.

ಸಂಘದ ಸನ್ಮಾನ ಬರುವ ರವಿವಾರ. ಗಾಜು ಹಾಕಿಸುವ ಮಾನಪತ್ರವನ್ನು ಹತ್ತು ನಿಮಿಷದಲ್ಲಿ ಬರೆದೆ, ಅದು ನನಗೆ ಬಾಯಿಪಾಠ. ಇದನ್ನು ಬರೆಯಲು ಹತ್ತು ದಿನ ಹಿಡಿಯಿತು. ವೇದಿಕೆಯಲ್ಲಿ ಎರಡನ್ನೂ ಓದುತ್ತೇನೆಂದು ಉಸ್ತಾದರಿಗೆ ಮಾತು ಕೊಟ್ಟಿದ್ದೇನೆ. ಓದುವ ಮೊದಲು ಮುದುಕವ್ವನಿಗೆ ಕೇಳಿಸಬೇಕು ಎನ್ನಿಸಿ ನಿನ್ನೆ ಮಧ್ಯಾಹ್ನ ಹೊಳೆಮಣ್ಣೂರಿಗೆ ಹೋದೆ.

ಗಾಲಿಮನೆ ನೆಟ್ಟಗೆ ನಿಂತಿತ್ತು. ಮುದುಕವ್ವ ಒಳಗೆ ತೊಗರಿ ಒಡೆಯುತ್ತಿದ್ದಳು. ಉಸ್ತಾದರು ಗಜೇಂದ್ರಗಡದ ಕಡೆ ಕಲ್ಲು ಕೆತ್ತುವವರ ಹತ್ತಿರ ತಾವೇ ಕೂತು ಮಾಡಿಸಿ ತಂದ ಹೊಸ ಜೋಡಿ ಕಲ್ಲು. ಹೊಸ ಕಲ್ಲು ಮೊದಲಿಗೆ ಹರಳು ಬಿಡುತ್ತದೆ, ಬೇಳೆಯಲ್ಲಿ ಕಚಕಚ ಸಿಗುತ್ತದೆ. ನರಗುಂದದ ಮನೆಗಳಲ್ಲಿ ಅರ್ಧದಷ್ಟು ಮಾತ್ರ ಅವಳಿಗೆ ಮರಳಿ ಬಂದಿವೆ. ಒಡೆದ ಕಲ್ಲಿನ ಎರಡು ಹೋಳನ್ನು ಬಾಗಿಲ ಮುಂದೆ ಮೆಟ್ಟಿಲು ಮಾಡಿಕೊಂಡಿದ್ದಾಳೆ. ಅದರ ಮೇಲೆ ಕಾಲಿಡದೆ ಒಳಗೆ ಹೋಗುವ ದಾರಿ ಇಲ್ಲ. ಚಪ್ಪಲಿ ಬಿಟ್ಟು ಹತ್ತಿದೆ.

ಅವಳು ಬೀಸುವುದನ್ನು ನಿಲ್ಲಿಸಿ ಕೇಳಿದಳು. ನಾನು ಮೊದಲಿನಿಂದ ಓದಿದೆ. ಕಲ್ಲು, ಡ್ರಮ್ಮು ಸರಿಸಿದವನು ನಾನೇ ಎಂಬುದನ್ನೂ ಓದಿದೆ. ಅವಳ ಎದುರಿಗೆ ಆ ಮಾತು ಆಡಿದ್ದು ಅದೇ ಮೊದಲು. ಅವಳು ಹೂಂ ಎನ್ನುತ್ತ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಕಲ್ಲಿನ ಬಾಯಿ ಒರೆಸುತ್ತ, ಆ ಕ್ರಾಸಿನಲ್ಲಿ ನಕ್ಕ ಜಾಗವನ್ನು ಇನ್ನೊಮ್ಮೆ ಓದಲು ಹೇಳಿದಳು. 'ಎಲ್ಲರೂ ನಕ್ಕರು. ನಾನೂ ನಕ್ಕೆ' ಎಂದು ಓದಿದೆ.

“ಹಂಗಲ್ಲ, ತೋಟಪ್ಪಣ್ಣ” ಎಂದಳು. “ಮದಲ ನೀವು ನಕ್ಕ್ರಿ. ನಿಮ್ಮನ್ನ ನೋಡಿ ಉಳದಾವ್ರು ನಕ್ಕ್ರು.”

ಸಿಟ್ಟಿನಿಂದ ಹೇಳಲಿಲ್ಲ. ಬರೆದದ್ದರಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ತಿದ್ದುವವರ ಹಾಗೆ ಹೇಳಿ, ಕಲ್ಲಿಗೆ ಒಂದು ಹಿಡಿ ತೊಗರಿ ಹಾಕಿ ಮತ್ತೆ ತಿರುವತೊಡಗಿದಳು. ನಾನು ಅಲ್ಲೇ ಕೂತು ಪೆನ್ನು ತೆಗೆದೆ. ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ನಾನು ಹೇಗೆ ಬರೆದಿದ್ದೆ ಎಂಬುದೂ ಗೊತ್ತಿರಲಿ ಎಂದು ಹಾಗೇ ಬಿಟ್ಟಿದ್ದೇನೆ. ರವಿವಾರ ವೇದಿಕೆಯಲ್ಲಿ ಆ ಸಾಲಿಗೆ ಬಂದಾಗ ಹೀಗೆ ಓದುತ್ತೇನೆ: ಮೊದಲು ನಕ್ಕವನು ನಾನು, ಅಸೂಟಿಯ ತೋಟಪ್ಪ.